ಮೂವತ್ತು ಡಾಲರಿನ ಕೆಂಪು ಜಾಕೆಟ್

ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಕೆಂಪು ಜಾಕೆಟ್ ಬಿದ್ದಿದೆ. ನಾಯಿಗೆ ಹಾಕುವಂಥದ್ದು. ಎರಡೂ ಪಕ್ಕದಲ್ಲಿ ಬಿಳಿ ಅಕ್ಷರದಲ್ಲಿ ‘ಸರ್ವಿಸ್ ಡಾಗ್’ ಅಂತ ಬರೆದಿದೆ. ಆನ್‌ಲೈನಿನಲ್ಲಿ 30 ಡಾಲರ್ ಕೊಟ್ಟು ತರಿಸಿದ್ದು. ತರಿಸುವಾಗ ಯಾರೂ ಯಾವ ಸರ್ಟಿಫಿಕೇಟನ್ನೂ ಕೇಳಲಿಲ್ಲ. ಅದನ್ನು ಬಳಸಿದ್ದು ಒಂದೇ ದಿನ, ಅದೂ ಎರಡು ಗಂಟೆ. ಆ ಎರಡು ಗಂಟೆಯ ಬಗ್ಗೆ ಯಾರಿಗೂ ಹೇಳಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಕೆಂಚ ನಮ್ಮ ಮನೆಗೆ ಬಂದು ಮೂರು ವರ್ಷ ಆಯ್ತು. ಶೆಲ್ಟರಿನಿಂದ ತಂದ ನಾಯಿ. ತಳಿ ಯಾವುದು ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಬಣ್ಣ ನೋಡಿ ನಾನೇ ಹೆಸರಿಟ್ಟೆ. ಇಲ್ಲಿನವರು ಅವನನ್ನು ‘ಕೆಂಚಾ’ ಅಂತ ರಾಗ ಎಳೆದು ಕರೆಯುವಾಗ ಊರಿನ ಯಾರೋ ನೆಂಟ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾನೆ ಅನ್ನಿಸುತ್ತೆ. ಹೋದ ವರ್ಷ ಮೇ ಕೊನೆಯ ಲಾಂಗ್ ವೀಕೆಂಡಿಗೆ ಇನ್ನೊಂದಿಷ್ಟು ರಜೆ ಸೇರಿಸಿ, ನಾನು, ಹೆಂಡತಿ, ಕೆಂಚ ಮೂವರೂ ಸನ್ನಿವೇಲ್‌ನಿಂದ ಹೊರಟೆವು. ಮೊಹಾವೆ ಮರುಭೂಮಿ ದಾಟಿ, ಲಾಸ್ ವೇಗಸ್ ಬಳಸಿ, ಯೂಟಾದ ಝಯಾನ್, ಬ್ರೈಸ್ ಕ್ಯಾನ್ಯನ್, ಆಮೇಲೆ ಅರಿಝೋನಾದ ಗ್ರ್ಯಾಂಡ್ ಕ್ಯಾನ್ಯನ್. ಹಿಂದಿನ ಸೀಟು ಪೂರ್ತಿ ಕೆಂಚನದು.

ನಿಯಮ ನಮಗೆ ಗೊತ್ತಿರಲಿಲ್ಲ ಅಂತೇನಿಲ್ಲ. ಅಮೆರಿಕದ ಬಹುತೇಕ ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಗೆ ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್ ಬಿಟ್ಟರೆ ಹೆಚ್ಚು ಜಾಗವಿಲ್ಲ. ಹಗ್ಗ ಆರಡಿಗಿಂತ ಉದ್ದ ಇರಬಾರದು. ಝಯಾನ್‌ನಲ್ಲಿ ನಾಯಿ ನಡೆಯಬಹುದಾದ ಟ್ರೇಲ್ ಇರುವುದು ಒಂದೇ, ಪಾರಸ್ ಅನ್ನೋದು. ಉಳಿದ ಕಣಿವೆಗೆ ಸೀಸನ್‌ನಲ್ಲಿ ಸ್ವಂತ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಹೋಗಬೇಕು, ಆ ಬಸ್ಸಿಗೆ ಸಾಕುನಾಯಿ ಹತ್ತುವಂತಿಲ್ಲ. ಕಾರಿನಲ್ಲಿ ಬಿಟ್ಟು ಹೋಗೋಣ ಅಂದರೆ, ಹೊರಗೆ 21 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ 30 ದಾಟುತ್ತೆ. ಝಯಾನ್‌ನಲ್ಲಿ ಅವತ್ತು ಹೊರಗೇ 33 ಇತ್ತು. ಸುತ್ತಮುತ್ತ ನಾಯಿ ನೋಡಿಕೊಳ್ಳುವ ಕಡೆಗೆಲ್ಲ ಫೋನ್ ಮಾಡಿದೆವು. ಲಾಂಗ್ ವೀಕೆಂಡ್, ಎಲ್ಲ ಭರ್ತಿ.

ಈ ಜಾಕೆಟ್ಟಿನ ಐಡಿಯಾ ಕೊಟ್ಟಿದ್ದು ನನ್ನ ಟೀಮಿನವನು. ‘ಎಲ್ಲರೂ ಮಾಡ್ತಾರೆ ಗುರು, ಅವರು ಪೇಪರ್ ಕೇಳೋ ಹಾಗೇ ಇಲ್ಲ’ ಅಂದಿದ್ದ. ನಿಜ. ಇಲ್ಲಿನ ಕಾನೂನಿನ ಪ್ರಕಾರ ಸಿಬ್ಬಂದಿ ಕೇಳಬಹುದಾದ್ದು ಎರಡೇ ಪ್ರಶ್ನೆ: ಇದು ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸೇವಾ ನಾಯಿಯೇ? ಯಾವ ಕೆಲಸಕ್ಕೆ ತರಬೇತಿ ಆಗಿದೆ? ದಾಖಲೆ ಕೇಳುವಂತಿಲ್ಲ. ಅಂಗವಿಕಲರನ್ನು ಹೋದಲ್ಲೆಲ್ಲ ನಿಲ್ಲಿಸಿ ‘ಪ್ರೂಫ್ ಕೊಡು’ ಅಂತ ಅವಮಾನಿಸಬಾರದು ಅನ್ನೋ ಉದ್ದೇಶದಿಂದ ಮಾಡಿದ ಕಾನೂನು ಅದು. ಅಂದರೆ ಅದು ನಿಂತಿರುವುದೇ ಜನ ಸುಳ್ಳು ಹೇಳೋದಿಲ್ಲ ಅನ್ನೋ ನಂಬಿಕೆಯ ಮೇಲೆ. ನಾವು ಅದನ್ನೇ ಬಳಸಿಕೊಂಡೆವು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಯಾರದೋ ಒಳ್ಳೆಯತನದಲ್ಲಿ ಒಂದು ಲೂಪ್‌ಹೋಲ್ ಹುಡುಕಿದೆವು.

ಬಸ್ ಡ್ರೈವರ್ ಒಂದೇ ಪ್ರಶ್ನೆ ಕೇಳಿದಳು. ‘ಹೌದು’ ಅಂದೆ. ಕೆಂಚ ಬಸ್ ಹತ್ತಿದ.

ಕೊನೆಯ ಸ್ಟಾಪಿನಲ್ಲಿ ಇಳಿದು ರಿವರ್‌ಸೈಡ್ ವಾಕ್ ಹಿಡಿದೆವು. ಹೋಗಿ ಬರುವುದು ಸೇರಿ ಮೂರೂವರೆ ಕಿಲೋಮೀಟರ್, ಟಾರ್ ಹಾಕಿದ ದಾರಿ. ಒಂದು ಕಡೆ ವರ್ಜಿನ್ ನದಿ, ಎರಡೂ ಕಡೆ ಆಕಾಶ ಮುಚ್ಚುವ ಹಾಗೆ ಎದ್ದ ಕೆಂಪು ಕಲ್ಲಿನ ಗೋಡೆ. ಗೋಡೆಯಿಂದ ನೀರು ಜಿನುಗುವ ಕಡೆಯಲ್ಲೆಲ್ಲ ಜರೀಗಿಡ. ಹೆಂಡತಿ ಫೋಟೋ ತೆಗೆದಳು. ಕೆಂಪು ಕಲ್ಲು, ಕೆಂಪು ನಾಯಿ, ಕೆಂಪು ಜಾಕೆಟ್. ಜಾಕೆಟ್ ಕಾಣದ ಹಾಗೆ ಕ್ರಾಪ್ ಮಾಡಬೇಕು ಅಂದುಕೊಂಡೆವು. ಆಗಲೇ ನಮಗೆ ಗೊತ್ತಿತ್ತು, ಅಲ್ವಾ?

ವಾಪಸ್ ಬರುವಾಗ ಎದುರಿನಿಂದ ಒಬ್ಬ ವಯಸ್ಸಾದ ಮನುಷ್ಯ ಬಂದರು. ಕೈಯಲ್ಲಿ ಗಟ್ಟಿ ಹಿಡಿಕೆಯ ಪಟ್ಟಿ, ಅದರ ತುದಿಗೆ ಕಪ್ಪು ಲ್ಯಾಬ್ರಡಾರ್. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಅಳಿಲು ದಾರಿಗೆ ಅಡ್ಡ ಓಡಿತು. ಕೆಂಚ ಜಗ್ಗಿದ. ಲ್ಯಾಬ್ರಡಾರ್ ಕಂಡಿದ್ದೇ ತಡ, ಬೊಗಳುತ್ತ ಅದರ ಮೇಲೆ ನುಗ್ಗಿದ. ಆ ನಾಯಿ ತಿರುಗಿ ಬೊಗಳಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು, ಅಷ್ಟೇ. ಆ ಒಂದು ಹೆಜ್ಜೆಗೆ ಅವರ ಕಾಲು ಟಾರಿನ ಅಂಚಿನಿಂದ ಜಾರಿ ಮುಗ್ಗರಿಸಿದರು. ಪಕ್ಕದಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು ಮೊಣಕೈ ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ.

ಅವರು ಸಾವರಿಸಿಕೊಂಡು, ಬೊಗಳಿದ ದಿಕ್ಕಿಗೆ ಮುಖ ಮಾಡಿ ಕೇಳಿದರು: ‘ನಿಮ್ಮದೂ ಕೆಲಸದ ನಾಯೀನಾ?’

ಜಾಕೆಟ್ ನೋಡಿ ಉಳಿದವರೆಲ್ಲ ಸುಮ್ಮನಾಗಿದ್ದರು. ಆದರೆ ಅವರಿಗೆ ಜಾಕೆಟ್ ಕಾಣುವುದಿಲ್ಲ. ಅವರಿಗೆ ಸುಳ್ಳನ್ನು ನಾನು ಬಾಯಿಬಿಟ್ಟೇ ಹೇಳಬೇಕಿತ್ತು. ಹೇಳಿದೆ. ‘ಹೌದು, ಸಾರಿ.’

‘ಪರವಾಗಿಲ್ಲ. ನಮ್ಮವನಿಗೂ ಒಂದೊಂದು ದಿನ ಹಾಗೇ ಆಗುತ್ತೆ’ ಅಂತ ನಕ್ಕು, ತಮ್ಮ ನಾಯಿಯ ಬೆನ್ನು ಸವರಿ ಮುಂದೆ ಹೋದರು.

ಬೈದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಬೈಸಿಕೊಂಡು ಮರೆತುಬಿಡುತ್ತಿದ್ದೆ.

ನನ್ನೂರು ಗುಂಡ್ಲುಪೇಟೆ ಕಡೆ, ಬಂಡೀಪುರದ ಅಂಚಿನಲ್ಲಿದೆ. ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ‘ನಮ್ಮ ಮನೆಯಲ್ಲಿ’ ಅನ್ನೋದು ಮಾತಿಗೆ ಮಾತ್ರ, ಅದು ಬೀದಿಯ ನಾಲ್ಕು ಮನೆಯ ಮುದ್ದೆ ತಿನ್ನುತ್ತಿತ್ತು. ಹಗ್ಗ ಅನ್ನೋದು ಅದರ ಕುತ್ತಿಗೆಗೆ ಬಿದ್ದಿದ್ದೇ ಇಲ್ಲ. ಅಪ್ಪ ಹೊಲಕ್ಕೆ ಹೊರಟರೆ ಹಿಂದೆ ಹೋಗೋದು. ಆದರೆ ಹೊಲ ದಾಟಿ ಆನೆ ಕಂದಕದ ಹತ್ತಿರ ಬಂದರೆ ಅಪ್ಪ ಮಣ್ಣುಹೆಂಟೆ ಎತ್ತಿ ಅದರ ಮುಂದೆ ಎಸೆಯುತ್ತಿದ್ದರು. ಕರಿಯ ಕುಂಯ್‌ಗುಟ್ಟುತ್ತ ಅಲ್ಲೇ ಕೂರುತ್ತಿತ್ತು. ಪಾಪ ಅನ್ನಿಸಿ ನಾನೊಮ್ಮೆ ಯಾಕಪ್ಪಾ ಅಂತ ಕೇಳಿದ್ದೆ. ‘ನಾಯ್ನ ಕಾಡ್ಗ ಕರ್ಕಂಡೋದ್ರ ಚಿರತ್ಗ ಮನ ದಾರಿ ತೋರ್ಸ್ದಂಗ ಕನ್ಲಾ’ ಅಂದಿದ್ದರು. ಹೆದರಿದ ನಾಯಿ ಓಡಿ ಬರೋದು ಯಜಮಾನನ ಹತ್ತಿರವೇ, ಹಿಂದೆ ಅಟ್ಟಿಸಿಕೊಂಡು ಬಂದದ್ದೂ ಅಲ್ಲಿಗೇ ಬರುತ್ತೆ.

ಅಮೆರಿಕದ ಪಾರ್ಕಿನವರು ಕೊಡುವ ಕಾರಣಗಳಲ್ಲೂ ಇದು ಒಂದು, ಚಿರತೆಯ ಬದಲು ಕರಡಿ ಅಷ್ಟೇ. ಇನ್ನೂ ಕಾರಣಗಳಿವೆ. ಜಿಂಕೆಗೆ ನಾಯಿ ಅಂದರೆ ತೋಳದ ಜಾತಿ. ನಾಯಿ ಹೋದ ಮೇಲೂ ಅದರ ವಾಸನೆ ದಾರಿಯಲ್ಲಿ ಉಳಿಯುತ್ತೆ. ರೋಗದ ವಿಷಯವಂತೂ ಇನ್ನೂ ಗಂಭೀರ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಕೆನೈನ್ ಡಿಸ್ಟೆಂಪರ್ ಬಂದು ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತವು. ಅದರ ಮೂಲ ಅಂತ ಬೆರಳು ತೋರಿಸಿದ್ದು ಕಾಡಿನ ಸುತ್ತಲ ಹಳ್ಳಿಗಳ ನಾಯಿಗಳ ಕಡೆಗೆ. ನನ್ನ ಕರಿಯನಂಥ ನಾಯಿಗಳು.

ಇಲ್ಲಿ ನಿಮ್ಮ ಮನಸ್ಸಿಗೆ ಬಂದ ಮಾತು ನನಗೂ ಬಂದಿತ್ತು. ಕೆಂಚನಿಗೆ ಎಲ್ಲ ಲಸಿಕೆ ಆಗಿದೆ. ಅವನು ಆರಡಿ ಹಗ್ಗದಲ್ಲೇ ಇದ್ದ. ಗಲೀಜು ಮಾಡಿದರೆ ಚೀಲದಲ್ಲಿ ಎತ್ತಿಕೊಳ್ಳುತ್ತೇವೆ. ಒಂದು ನಾಯಿ, ಎರಡು ಗಂಟೆ, ಏನಾಗಿಬಿಡುತ್ತೆ?

ಆಫೀಸಿನಲ್ಲಿ ಇದೇ ವಾಕ್ಯವನ್ನು ಬೇರೆ ರೂಪದಲ್ಲಿ ಕೇಳಿದ್ದೇನೆ. ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಕೋಡ್ ಹಾಕುವ ಪ್ರತಿಯೊಬ್ಬನೂ ಹೇಳುವುದು ಇದನ್ನೇ: ಒಂದು ಲೈನು, ಒಂದೇ ಸಲ. ಅವನ ಮಟ್ಟಿಗೆ ಅದು ನಿಜವೂ ಹೌದು. ಝಯಾನ್‌ಗೆ ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಅವರಲ್ಲಿ ನಾಯಿ ಇರುವ ಪ್ರತಿಯೊಬ್ಬರಿಗೂ ತಮ್ಮ ನಾಯಿ ಒಳ್ಳೆಯ ನಾಯಿಯೇ. ‘ನನ್ನದು ಮಾತ್ರ’ ಅನ್ನೋ ವಿನಾಯಿತಿ ಕೆಲಸ ಮಾಡೋದು ಉಳಿದವರು ಅದನ್ನು ಕೇಳದೆ ಇರುವವರೆಗೆ ಮಾತ್ರ. ಅಂದರೆ ನನ್ನ ಎರಡು ಗಂಟೆಯ ಖುಷಿಯ ಖರ್ಚನ್ನು, ನಿಯಮ ಪಾಲಿಸಿ ಪಾರಸ್ ಟ್ರೇಲಿನಲ್ಲೇ ಉಳಿದ ನೂರಾರು ನಾಯಿಯವರು ಭರಿಸಿದರು. ಕಾಂಟ್ ಇದನ್ನೇ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ವಾದ ಮಾಡಿ ತೋರಿಸಿದ್ದಾನೆ. ನನಗೆ ತಿಳಿಯಲು ಒಂದು ಅಳಿಲು ಅಡ್ಡ ಬರಬೇಕಾಯಿತು.

ಹಾಗಂತ ನಿಯಮ ಮಾಡಿದವರೆಲ್ಲ ಪುಣ್ಯಾತ್ಮರು ಅಂತಲ್ಲ. ‘ಯಾರೂ ಇರದ ಶುದ್ಧ ಕಾಡು’ ಅನ್ನೋ ಕಲ್ಪನೆಗಾಗಿ ಅಲ್ಲಿದ್ದವರನ್ನೇ ಹೊರಹಾಕಿದ ಚರಿತ್ರೆ ಈ ಉದ್ಯಾನಗಳಿಗಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಹವಾಸುಪಾಯಿ ಜನರಿಗೆ ಅವರ ನೆಲದಲ್ಲಿ ಒಂದು ಭಾಗ ಕಾನೂನಿನ ಮೂಲಕ ಮರಳಿ ಸಿಕ್ಕಿದ್ದು 1975ರಲ್ಲಿ. ನಮ್ಮ ಕಡೆ ನಾಗರಹೊಳೆಯಿಂದ ಎಬ್ಬಿಸಿದ ಜೇನು ಕುರುಬರ ಕಥೆ ಗೊತ್ತೇ ಇದೆ. ಕಾಡಿನಲ್ಲಿ ಹುಟ್ಟಿದವನಿಗೆ ‘ಒಳಗೆ ಬರಬೇಡ’ ಅಂದು, ಟಿಕೆಟ್ ತಗೊಂಡ ನನ್ನಂಥವನಿಗೆ ಸಫಾರಿ ತೋರಿಸುವ ನಿಯಮವನ್ನು ಪ್ರಶ್ನಿಸಲೇಬೇಕು. ಆದರೆ ಅದನ್ನು ಪ್ರಶ್ನಿಸುವ ಹಕ್ಕು ಅದರ ಬೆಲೆ ತೆತ್ತವರದು. ಅವರು ಬಹಿರಂಗವಾಗಿ, ತಮ್ಮ ಹೆಸರಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಪ್ರಶ್ನಿಸುತ್ತಿದ್ದಾರೆ. ನಾನು ಮಾಡಿದ್ದು ಪ್ರಶ್ನಿಸುವುದಲ್ಲ. ನಿಯಮ ಹಾಗೇ ಇರಲಿ, ನನಗೊಬ್ಬನಿಗೆ ಬಾಗಿಲು ತೆರೆಯಲಿ ಅಂತ ಬೇರೆಯವರ ಅಂಗವೈಕಲ್ಯವನ್ನು 30 ಡಾಲರಿಗೆ ಬಾಡಿಗೆ ತಗೊಂಡೆ.

ಆ ರಾತ್ರಿ ಹೆಂಡತಿಯೂ ನಾನೂ ಜಗಳ ಆಡಿದೆವು. ಜಾಕೆಟ್ ಯಾರ ಐಡಿಯಾ ಅನ್ನುವಲ್ಲಿಂದ ಶುರುವಾಗಿ, ಕೆಂಚನನ್ನು ಕರೆತಂದದ್ದೇ ಯಾಕೆ ಅನ್ನುವಲ್ಲಿಗೆ ಬಂತು. ‘ಅವನನ್ನ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ’ ಅಂದೆ. ‘ಯಾರ ಮನಸ್ಸು?’ ಅಂತ ಕೇಳಿದಳು. ಉತ್ತರ ಇರಲಿಲ್ಲ.

ಬ್ರೈಸ್‌ನಲ್ಲಿ ನಾಯಿಗೆ ಬಿಡುವ ಟಾರ್ ದಾರಿಯಲ್ಲಷ್ಟೇ ನಡೆದೆವು. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ನಿಯಮ ಸ್ವಲ್ಪ ಸಡಿಲ. ಮೇಲಿನ ರಿಮ್ ಟ್ರೇಲಿನಲ್ಲಿ ನಾಯಿ ನಡೆಯಬಹುದು, ಕಣಿವೆಗೆ ಇಳಿಯುವಂತಿಲ್ಲ. ನಾವು ಪಾಳಿ ಹಾಕಿಕೊಂಡೆವು. ಬೆಳಿಗ್ಗೆ ಅವಳು ಬ್ರೈಟ್ ಏಂಜಲ್ ಟ್ರೇಲ್ ಇಳಿದಳು, ನಾನು ಕೆಂಚನ ಜೊತೆ ಒಂದು ಜೂನಿಪರ್ ಮರದ ನೆರಳಲ್ಲಿ ಕೂತೆ. ಎದುರಿಗೆ ಒಂದೂವರೆ ಕಿಲೋಮೀಟರ್ ಆಳ ಬಾಯಿ ತೆರೆದಿತ್ತು. ಮೂರು ಗಂಟೆ ಕಾಲ ಕೆಂಚ ಒಮ್ಮೆಯೂ ಅದರ ಕಡೆ ನೋಡಲಿಲ್ಲ. ಒಂದು ಕಲ್ಲಿನ ಬುಡವನ್ನು ಕಾಲು ಗಂಟೆ ಮೂಸಿದ. ಆಮೇಲೆ ನನ್ನ ಬೂಟಿನ ಮೇಲೆ ತಲೆ ಇಟ್ಟು ಮಲಗಿದ. ಅವನಿಗೆ ಬೇಕಾಗಿದ್ದು ನಾವು. ಕ್ಯಾನ್ಯನ್ ಬೇಕಾಗಿದ್ದು ನಮಗೆ. ಕ್ಯಾನ್ಯನ್ ಮುಂದೆ ಕೆಂಚ ಬೇಕಾಗಿದ್ದು ನಮ್ಮ ಫೋಟೋಗೆ.

ಸಾಕಿದ ಜೀವದ ಮೇಲಿನ ಪ್ರೀತಿ ನಮಗೆ ವಿಶೇಷ ಹಕ್ಕೇನನ್ನೂ ಕೊಡುವುದಿಲ್ಲ, ಕೊಡೋದು ಕೆಲಸವನ್ನು ಅಂತ ಈಗ ಅನ್ನಿಸುತ್ತೆ. ಒಬ್ಬರು ಇಳಿಯುವಾಗ ಇನ್ನೊಬ್ಬರು ಮೇಲೆ ಕೂರುವ ಕೆಲಸ. ಅಪ್ಪ ಎಸೆದ ಹೆಂಟೆಯೂ ಅಂಥದ್ದೇ ಒಂದು ಕೆಲಸ ಆಗಿತ್ತು, ನಾನು ಆಗ ಅದನ್ನು ಕ್ರೌರ್ಯ ಅಂದುಕೊಂಡಿದ್ದೆ.

ಆವತ್ತು ಸಂಜೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಕಣಿವೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ನಾಯಿ ಎಲ್ಲಿಗಂಟ ಬಂದಿತ್ತು?’ ಅಂತ ಕೇಳಿದರು. ‘ಇಲ್ಲಿಗಂಟ ಅಷ್ಟೇ’ ಅಂದೆ. ಝಯಾನ್ ವಿಷಯ ಹೇಳಲಿಲ್ಲ.

ಆ ಹಿರಿಯರ ಹೆಸರು ನನಗೆ ಗೊತ್ತಿಲ್ಲ. ಅವರ ಮನಸ್ಸಿನಲ್ಲಿ ಕೆಂಚ ಇವತ್ತಿಗೂ ಒಂದು ದಿನ ಬೇಸರಗೊಂಡಿದ್ದ ಕೆಲಸದ ನಾಯಿ. ಕ್ಷಮೆ ಕೇಳೋಣ ಅಂದರೆ ವಿಳಾಸ ಇಲ್ಲ. ಜಾಕೆಟ್ಟನ್ನು ಎಸೆಯೋಣ ಅಂತ ಹೆಂಡತಿ ಎರಡು ಸಲ ಹೇಳಿದ್ದಾಳೆ. ಇರಲಿ ಅಂದಿದ್ದೇನೆ. ಡಿಕ್ಕಿ ತೆಗೆದಾಗೆಲ್ಲ ಕಣ್ಣಿಗೆ ಬೀಳಲಿ.