*ನಮ್ಮ ದ್ವೀಪವನ್ನು ನಾವೇ ಎತ್ತರಿಸಬೇಕು*

*ಇಂದಿನ ಧಮ್ಮ ಚಿಂತನೆ*

 



'ಅತ್ತದೀಪ' ಎಂಬ ಪಾಲಿ ಪದ ನಮಗೆಲ್ಲ ಗೊತ್ತು. ಪರಿನಿಬ್ಬಾಣಕ್ಕೆ ಮುಂಚೆ ಭಗವಾನರು ಆನಂದರಿಗೆ ಹೇಳಿದ ಬುದ್ಧಿಮಾತಿನಲ್ಲಿ ಅದು ಬರುತ್ತದೆ. 1936ರಲ್ಲಿ ಮುಂಬೈನಲ್ಲಿ ಮತಾಂತರದ ಬಗ್ಗೆ ಮಾತಾಡಿದ ಬಾಬಾಸಾಹೇಬರು ಕೊನೆಗೆ ನೆನೆದದ್ದೂ ಇದೇ ಉಪದೇಶವನ್ನು. ನಾವು ಇದನ್ನು ಬೆಳಕು ಎಂದೇ ಅರ್ಥ ಮಾಡಿಕೊಂಡು ಬಂದಿದ್ದೇವೆ. ಆದರೆ ಪಾಲಿಯಲ್ಲಿ 'ದೀಪ' ಎಂದರೆ ದ್ವೀಪವೂ ಹೌದು. ಪ್ರವಾಹ ಬಂದಾಗ ಕಾಲೂರಲು ಸಿಗುವ ಎತ್ತರದ ನೆಲ. ಕೆ.ಆರ್.ನಗರದ ಕಾವೇರಿ ದಡದವರಿಗೂ ಎಚ್.ಡಿ.ಕೋಟೆಯ ಕಬಿನಿ ಕಡೆಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದ್ವೀಪ ಎಂದ ಕೂಡಲೇ ನಮಗೊಂದು ಅನುಮಾನ ಬರುವುದು ಸಹಜ. ನಮ್ಮ ಕೇರಿಯೂ ದ್ವೀಪವೇ ಅಲ್ಲವೇ? ಊರಿನಿಂದ ಬೇರೆ, ಬಾವಿ ಬೇರೆ, ಸ್ಮಶಾನ ಬೇರೆ. ಬೇರೆ ಇಟ್ಟವರು ಅವರು. ಆದರೂ ಕೂಲಿಗೆ, ಸಾಲಕ್ಕೆ ಅವರ ಬಾಗಿಲನ್ನೇ ಕಾಯಬೇಕು. ಹಾಗಾದರೆ *ಬೇರೆಯಾಗಿ ಬದುಕುವುದು ಯಾವಾಗ ಶಿಕ್ಷೆ, ಯಾವಾಗ ಆಸರೆ?*

ಉತ್ತರಕ್ಕೆ ದೂರ ಹೋಗುವುದು ಬೇಡ. 1959ರಲ್ಲಿ ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ ನೆಹರೂ ಅವರ ಕೋರಿಕೆಯಂತೆ ಅಂದಿನ ಮೈಸೂರು ರಾಜ್ಯ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಭಾಷೆ ಬಾರದು, ಸೆಕೆ ತಡೆಯದು, ಸುತ್ತ ಆನೆ, ಕಾಡುಹಂದಿ. ಡೇರೆಯಲ್ಲಿದ್ದುಕೊಂಡು ಕಾಡು ಕಡಿದರು, ಮುಸುಕಿನ ಜೋಳ ಬಿತ್ತಿದರು. ಸಹಕಾರ ಸಂಘ ಕಟ್ಟಿದರು, ಶಾಲೆ, ವಿಹಾರ ಕಟ್ಟಿದರು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಒಂದು ನೆಲೆ ಆಯಿತು.

"ಅವರಿಗೆ ಕೊಟ್ಟರು, ನಮಗೆ ಕೊಡಲಿಲ್ಲ" ಎಂಬ ಮಾತು ನಮ್ಮಲ್ಲಿದೆ. ಅದರಲ್ಲಿ ಸತ್ಯವೂ ಇದೆ. 1942ರ ನಾಗಪುರ ಸಮ್ಮೇಳನದಲ್ಲಿ ನಮ್ಮ ಜನರಿಗೆ ಪ್ರತ್ಯೇಕ ಹಳ್ಳಿಗಳು ಬೇಕೆಂಬ ನಿರ್ಣಯವಾಯಿತು. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಕೃತಿಯಲ್ಲಿ ಬಾಬಾಸಾಹೇಬರು, ಸರ್ಕಾರಿ ಬೀಳುಭೂಮಿಯಲ್ಲಿ ಆ ಹಳ್ಳಿಗಳನ್ನು ನೆಲೆಗೊಳಿಸಲು ಒಂದು ಆಯೋಗವನ್ನೇ ಕೇಳಿದರು. ಅದು ಸಂವಿಧಾನದೊಳಗೆ ಬರಲಿಲ್ಲ. ಈ ಬಾಕಿ ಪ್ರಭುತ್ವದ್ದು. ಅದನ್ನು ಕೇಳುವ ಹಕ್ಕು ನಮಗಿದೆ. ಮನೆ ಕಳೆದುಕೊಂಡು ಬಂದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಮಾತ್ರ ಧಮ್ಮವಲ್ಲ.

ಇನ್ನೊಂದು ವಿಷಯವನ್ನೂ ನೋಡೋಣ. ನಮ್ಮವರಿಗೂ ಅಲ್ಲಲ್ಲಿ ದರಖಾಸ್ತು ಜಮೀನು ಮಂಜೂರಾಗಿತ್ತು. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಅದು ಎಕರೆ ಎಕರೆಯಾಗಿ ಕೈಬಿಟ್ಟಿತು. ಅದನ್ನು ತಡೆಯಲು 1978ರಲ್ಲಿ ಪಿಟಿಸಿಎಲ್ ಕಾಯ್ದೆಯೇ ಬರಬೇಕಾಯಿತು. ಜಮೀನು ಹೋದದ್ದು ಆ ಮನೆಯವರು ಸೋಮಾರಿಗಳೆಂದಲ್ಲ. ಕಷ್ಟ ಬಂದ ದಿನ ಅವರು ಒಂಟಿಯಾಗಿದ್ದರು. ಬೈಲಕುಪ್ಪೆಯ ನೆಲವೋ ಸಮುದಾಯಕ್ಕೆ ಗುತ್ತಿಗೆಗೆ ಕೊಟ್ಟದ್ದು, ಒಬ್ಬೊಬ್ಬರು ಮಾರಿಕೊಳ್ಳುವಂತಿಲ್ಲ. ಹಿಂದೆ ಸಂಘ ನಿಂತಿತ್ತು. ಅತ್ತದೀಪ ಎಂದರೆ ಒಂಟಿತನ ಎಂದು ತಿಳಿದವರು ಇದನ್ನು ಯೋಚಿಸಬೇಕು.

ನೆರವು ಪಡೆದರೆ ಸ್ವಾವಲಂಬನೆ ಕೆಡುತ್ತದೆಯೇ? ಟಿಬೆಟನ್ನರು ಸರ್ಕಾರದಿಂದಲೂ ಹೊರದೇಶದವರಿಂದಲೂ ನೆರವು ಪಡೆದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಅವರ ಹೊಲದಲ್ಲಿ ಸುತ್ತಲ ಹಳ್ಳಿಗಳ ಕೂಲಿಯವರ ಬೆವರೂ ಇದೆ. ಯಾವುದೂ ತಾನೊಂದೇ ನಿಲ್ಲುವುದಿಲ್ಲ ಎಂಬುದೇ ಪಟಿಚ್ಚಸಮುಪ್ಪಾದ. ಭಿಕ್ಖುವೂ ದಿನದ ಅನ್ನಕ್ಕೆ ಪಾತ್ರೆ ಹಿಡಿಯುತ್ತಾನೆ; ಆದರೆ ಅನ್ನ ಕೊಟ್ಟವರಿಗೆ ತನ್ನ ವಿವೇಕವನ್ನು ಒಪ್ಪಿಸುವುದಿಲ್ಲ. ಗೆರೆ ಇರುವುದು ಇಲ್ಲಿ. ಕೊಟ್ಟವನ ಎದುರು ತಲೆ ಎತ್ತಿ 'ಇಲ್ಲ' ಎನ್ನಲು ಆಗುವವರೆಗೆ ನಾವು ಸ್ವತಂತ್ರರು.

ದ್ವೀಪವನ್ನು ಒಮ್ಮೆ ಕಟ್ಟಿದರೆ ಮುಗಿಯಿತು ಎಂದೂ ಇಲ್ಲ. ಬೈಲಕುಪ್ಪೆಯ ಯುವಕರು ಇಂದು ವಿದೇಶಕ್ಕೆ ಹೋಗುತ್ತಿದ್ದಾರೆ. ನಮ್ಮ ಮಕ್ಕಳು ಬೆಂಗಳೂರಿಗೆ ಹೋಗುತ್ತಿದ್ದಾರೆ. ಹೋಗಲಿ, ಓದಲಿ, ದುಡಿಯಲಿ. ಪ್ರತಿ ತಲೆಮಾರೂ ತನ್ನ ಪಾಲಿನ ಒಂದು ಬುಟ್ಟಿ ಮಣ್ಣು ಹಾಕದಿದ್ದರೆ ಮಾತ್ರ ನೆಲ ಕುಸಿಯುತ್ತದೆ. ಅಪ್ಪಮಾದ, ಎಂದರೆ ಎಚ್ಚರ ತಪ್ಪದಿರುವುದು, ಈ ಮಣ್ಣು ಹಾಕುವ ಕೆಲಸವೇ.

1956ರಲ್ಲಿ ನಾಗಪುರದಲ್ಲಿ ದೀಕ್ಷೆಯ ಮರುದಿನ ಬಾಬಾಸಾಹೇಬರು ಆದಾಯದ 20ರಲ್ಲಿ ಒಂದು ಪಾಲನ್ನು ಧಮ್ಮಕಾರ್ಯಕ್ಕೆ ಕೊಡಬೇಕೆಂದರು. ನೂರು ರೂಪಾಯಿಗೆ ಐದು. ಕೇರಿಯ ಹತ್ತು ಮನೆಗಳು ತಿಂಗಳು ತಿಂಗಳು ಹೀಗೆ ಕೂಡಿಟ್ಟರೆ, ಹೊಗೆಸೊಪ್ಪಿನ ಬೆಲೆ ಬಿದ್ದು ಕೂಲಿ ನಿಂತ ವರ್ಷವೂ ಒಂದು ಮನೆಯ ಪಹಣಿ ಬಡ್ಡಿಯವನ ಕೈಗೆ ಹೋಗದಂತೆ, ಒಂದು ಮಗು ಶಾಲೆ ಬಿಡದಂತೆ ನೋಡಿಕೊಳ್ಳಬಹುದು. ನಮ್ಮನ್ನು ದೂರ ಇಡಲು ಗುರುತಿಸಿದ ಜಾಗ ಆಗ ನಾವು ನಿಲ್ಲುವ ಜಾಗವಾಗುತ್ತದೆ. ಮುಳುಗುತ್ತಿರುವ ಬೇರೆಯವರೂ ಬಂದು ಹತ್ತಿಕೊಳ್ಳಬಹುದು.

*ಇಂದು ಯೋಚಿಸೋಣ:* ನನ್ನ ಕೇರಿಯಲ್ಲಿ ಈ ವರ್ಷ ಕಷ್ಟದಲ್ಲಿ ಒಂಟಿಯಾಗಿರುವ ಮನೆ ಯಾವುದು?

ಭವತು ಸಬ್ಬ ಮಂಗಲಂ. ಜೈಭೀಮ್ 🙏