ಗುಳಿಗೆಯ ಡಬ್ಬಿ

ದೊಡ್ಡವರಿಗೆ ಎದುರು ಪ್ರಶ್ನೆ ಹಾಕಬಾರದೆಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಬಂದ ಪಾಠ. ಡಾಕ್ಟರರ ಮುಂದೆ ಕುಳಿತಾಗಲೂ ಆ ಪಾಠ ಬಾಯಿ ಕಟ್ಟುತ್ತದೆ. ಚೀಟಿ ಬರೆದುಕೊಟ್ಟರು, ಕೈಮುಗಿದು ಬಂದೆವು. ಆದರೆ ಕೇಳುವುದೆಂದರೆ ನಂಬದಿರುವುದೇ?

ನವಲಗುಂದದ ಕಡೆ ನಮ್ಮ ಬಳಗದ ಅಜ್ಜಿಯೊಬ್ಬರಿದ್ದಾರೆ. ಊರಿನ ಸರಕಾರಿ ದವಾಖಾನೆಯಲ್ಲಿ ಅವರಿಗೆ ಬಿ.ಪಿ. ಗುಳಿಗೆ ಕೊಡುತ್ತಿದ್ದರು. ಮಗ ಹುಬ್ಬಳ್ಳಿಗೆ ಕರೆದೊಯ್ದಾಗ ಅಲ್ಲಿಯೂ ಒಂದು ಬರೆದುಕೊಟ್ಟರು. ಮೊಣಕಾಲು ನೋವಿಗೆ ಸಂತೆಯ ದಿನ ತಂದದ್ದು ಮತ್ತೊಂದು. ಅಜ್ಜಿ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟು ಭಕ್ತಿಯಿಂದ ನುಂಗಿದರು. ತಲೆ ತಿರುಗತೊಡಗಿತು, ಪಾದ ಬಾತವು. "ವಯಸ್ಸಾತು, ಇನ್ನೇನೈತಿ" ಎಂದು ಸುಮ್ಮನಾದರು. ಕಡೆಗೊಂದು ದಿನ, ಫಾರ್ಮಸಿ ಓದಿದ ಅಂಗಡಿಯ ಹುಡುಗನೊಬ್ಬ ಪಟ್ಟಿಗಳನ್ನು ತಿರುವಿ, ಸಣ್ಣ ಅಕ್ಷರ ಓದಿ, "ಯಮ್ಮಾ, ಇವೆರಡೂ ಒಂದ ಗುಳಿಗಿ ಅದಾವ್ರಿ" ಎಂದ. ಹೆಸರು ಬೇರೆ, ಬಣ್ಣ ಬೇರೆ. ಒಳಗಿದ್ದದ್ದು ಮಾತ್ರ ಅದೇ ಅಮ್ಲೋಡಿಪಿನ್. ಡಾಕ್ಟರರನ್ನು ಕೇಳಿದಾಗ ಒಂದನ್ನು ನಿಲ್ಲಿಸಿದರು. ನೋವಿನ ಗುಳಿಗೆಯನ್ನೂ ಬಿಡಿಸಿದರು, ಅಂಥವು ಬಿ.ಪಿ. ಏರಿಸಬಲ್ಲವು, ಮೂತ್ರಪಿಂಡಕ್ಕೂ ಕೇಡು.

ಇಲ್ಲಿ ತಪ್ಪು ಯಾರದು? ಊರಿನ ವೈದ್ಯರಿಗೆ ಹುಬ್ಬಳ್ಳಿಯ ಚೀಟಿ ಗೊತ್ತಿಲ್ಲ, ಹುಬ್ಬಳ್ಳಿಯವರಿಗೆ ಸಂತೆಯ ಗುಳಿಗೆ ಗೊತ್ತಿಲ್ಲ. ಒಬ್ಬೊಬ್ಬರಿಗೂ ಒಂದೊಂದು ತುಂಡು ಗೊತ್ತು. ಪೂರ್ತಿ ಗೊತ್ತಿದ್ದದ್ದು ಡಬ್ಬಿಗೆ ಮಾತ್ರ!

ಈ ತುಂಡುಗಳನ್ನು ಕೂಡಿಸುವುದೇ ಈಗ ಒಂದು ವಿದ್ಯೆಯಾಗಿದೆ. 1990ರ ದಶಕದಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ಆಸ್ಟ್ರೇಲಿಯಾದ ಪರಿಣತರ ನೆರವು ಪಡೆದು, ಔಷಧ ಬಲ್ಲವರನ್ನು ಆಸ್ಪತ್ರೆಯ ವಾರ್ಡುಗಳಿಗೇ ಕಳಿಸಿತು. ಅವರು ವೈದ್ಯರ ಜೊತೆ ನಿಂತು ಯಾವುದು ಯಾವುದಕ್ಕೆ ಹೊಂದದು, ಯಾವುದು ಎರಡು ಸಲ ಬಂದಿದೆ ಎಂದು ನೋಡಿ ತಿಳಿಸುತ್ತಾರೆ, ಬರೆದಿಡುತ್ತಾರೆ. 2008ರಲ್ಲಿ ಇದಕ್ಕೆಂದೇ ಫಾರ್ಮ್ ಡಿ ಎಂಬ 6 ವರ್ಷದ ಓದು ದೇಶದಲ್ಲಿ ಬಂತು. ಔಷಧದಿಂದಾಗುವ, ತಪ್ಪಿಸಬಹುದಾದ ಗಂಭೀರ ಹಾನಿಯನ್ನು 5 ವರ್ಷದಲ್ಲಿ ಅರ್ಧಕ್ಕಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಎಲ್ಲ ದೇಶಗಳಿಗೆ ಕರೆ ಕೊಟ್ಟಿತು. ವೈದ್ಯರನ್ನು ಕೇಳುವುದೇ ಇವರ ಕೆಲಸ. ಅದರಿಂದ ವೈದ್ಯರ ಮಾನವೇನೂ ಕುಂದಲಿಲ್ಲ.

ಹಾಗೆಂದು, ಅಕ್ಷರ ಬಾರದ ಮುದುಕಿಗೆ "ನೀ ಕೇಳಬೇಕಿತ್ತು" ಎನ್ನುವುದು ನ್ಯಾಯವಲ್ಲ. ಬಲ್ಲವರೇ ಮೊದಲು ಕೇಳಬೇಕು: "ಬ್ಯಾರೆ ಏನ್ ಗುಳಿಗಿ ತಗೋತೀರಿ, ಅವ್ವಾರ?" ಆ ಒಂದು ಮಾತಿಗೆ ಖರ್ಚಿಲ್ಲ. ಆದರೆ ಕಲಘಟಗಿ, ಕುಂದಗೋಳದ ಹಳ್ಳಿಗಳ ದವಾಖಾನೆಯ ಸಾಲಿನಲ್ಲಿ ಅದಕ್ಕೂ ಪುರಸೊತ್ತು ಸಿಗುವುದು ಕಷ್ಟ. ಅಂಥಲ್ಲಿ, ಓದು ಬಲ್ಲ ನಾವು ಅತ್ತೆಯ, ಅವ್ವನ ಡಬ್ಬಿಯನ್ನೇ ಚೀಲದಲ್ಲಿಟ್ಟುಕೊಂಡು ಹೋಗಿ ಡಾಕ್ಟರರ ಮೇಜಿನ ಮೇಲೆ ತೆರೆದಿಡಬಹುದು. ಬಾಯಿ ಮುಚ್ಚಿ ನುಂಗುವುದಕ್ಕಿಂತ ಅದರಲ್ಲೇ ಹೆಚ್ಚು ನಂಬಿಕೆಯಿದೆ.