ಉಂಡ ಎಲೆಯ ಋಣ

ದೆಹಲಿಗೆ ವರ್ಗವಾಗಿ ಬರುವ ಮೊದಲು ನಾವು ಹನ್ನೆರಡು ವರ್ಷ ರಾಂಚಿಯಲ್ಲಿ ಸಂಸಾರ ಹೂಡಿದ್ದೆವು. ಕಳೆದ ಮಳೆಗಾಲದಲ್ಲಿ ಹಳೆಯ ನೆರೆಹೊರೆಯವರನ್ನು ಕಂಡು ಬರೋಣವೆಂದು ಮತ್ತೆ ಅಲ್ಲಿಗೆ ಹೋದಾಗ, ಬಡಾವಣೆಯ ತಿರುವಿನಲ್ಲಿ ಹೊಸದಾಗಿ ಎದ್ದಿದ್ದ ಸಣ್ಣ ಹೋಟೆಲೊಂದರಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತೆವು. ಏಳೆಂಟು ಮೇಜು, ತಗಡಿನ ಮಾಡು, ಅಡುಗೆಮನೆಯಲ್ಲಿ ಇಬ್ಬರು ಉರಾಂವ್ ಹೆಂಗಸರು. ಆದಿವಾಸಿ ಊಟ ಅಲ್ಲಿಯ ವಿಶೇಷ. ಉರಾಂವ್ ಸಮುದಾಯದ ಅರುಣಾ ತಿರ್ಕಿಯವರು ರಾಂಚಿಯಲ್ಲಿ 'ಅಜಮ್ ಎಂಬಾ' ಎಂಬ ಉಪಾಹಾರ ಗೃಹ ತೆರೆದು ಈ ಅಡುಗೆಗೆ ಹೆಸರು ತಂದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಇದು ಅದೇ ದಾರಿಯಲ್ಲಿ ಹೊರಟ ಇನ್ನೊಂದು ಸಣ್ಣ ಪ್ರಯತ್ನವೆಂದು ತೋರಿತು.

ಸಾಲದ ಎಲೆ ಚುಚ್ಚಿ ಮಾಡಿದ ಪತ್ರಾವಳಿಯ ಮೇಲೆ ಮಡುವಾ ರೊಟ್ಟಿ ಬಂದಿತು. ಮಡುವಾ ಎಂದರೆ ಬೇರೇನೂ ಅಲ್ಲ, ನಮ್ಮ ರಾಗಿ. ಅನ್ನ ಬಸಿದ ಗಂಜಿ ತಿಳಿಯಲ್ಲಿ ಒಣಸೊಪ್ಪು ಹಾಕಿ ಕುದಿಸಿದ ಮಾಡ್ ಝೋರ್ ಬಂದಿತು. ಅದಕ್ಕೆ ಹಾಕಿದ್ದ ಚಕೋಡ್ ಸೊಪ್ಪು ನಮ್ಮ ತಗಚೆಯೇ. ತುಳುನಾಡಿನವರು ಆಟಿ ತಿಂಗಳಿನಲ್ಲಿ ಹುಡುಕಿ ತಂದು ತಿನ್ನುವ ತಜಂಕ್. ಮಳೆ ಬಿದ್ದಾಗ ಸಾಲ ಮರಗಳ ಬುಡದಲ್ಲಿ ನೆಲದೊಳಗೆ ಹುಟ್ಟುವ ರುಗ್ಡಾ ಎಂಬ ಅಣಬೆಯ ಪಲ್ಯವೂ ಇತ್ತು. ಪಕ್ಕದ ಮೇಜಿನವರು ಕೆಂಪಿರುವೆಯ ಚಟ್ನಿಯನ್ನು ಚಪ್ಪರಿಸುತ್ತಿದ್ದರು. ನಾವು ಅದನ್ನು ಮುಟ್ಟಲಿಲ್ಲ. ತಿನ್ನದಿರುವುದು ಪ್ರತಿಯೊಬ್ಬರ ಸ್ವಾತಂತ್ರ್ಯ. ಮುಖ ಸಿಂಡರಿಸುವ ಸ್ವಾತಂತ್ರ್ಯ ಮಾತ್ರ ಯಾರಿಗೂ ಇಲ್ಲವೆಂದು ನಮ್ಮ ಭಾವನೆ.

ಊಟ ಬಹಳ ರುಚಿಯಾಗಿತ್ತು. ಹಣ ಕೊಟ್ಟು ಏಳುವಾಗ ಮಗಳು ಅಮ್ಮನತ್ತ ತಿರುಗಿ ಕೇಳಿದಳು: "ಅಮ್ಮಾ, ನಮ್ಮನೆಗೆ ಪಾತ್ರೆ ತೊಳೆಯೋಕೆ ಬರ್ತಿದ್ದ ದೀದಿ ಡಬ್ಬೀಲಿ ತರ್ತಿದ್ದದ್ದು ಇದೇ ಅಲ್ವಾ?"

ಯಾರೂ ಉತ್ತರ ಕೊಡಲಿಲ್ಲ. ಹೌದು, ಅದೇ ಊಟ. ಹನ್ನೆರಡು ವರ್ಷ ಆಕೆ ನಮ್ಮ ಹಿತ್ತಲ ಜಗಲಿಯಲ್ಲಿ ಕುಳಿತು ಅದನ್ನೇ ಉಣ್ಣುತ್ತಿದ್ದಳು. ಆಕೆಗೆ ಚಹಾ ಕೊಡುವ ಲೋಟ ಬೇರೆ ಇತ್ತು, ಕಿಟಕಿಯ ಮೇಲೆ. ಡಬ್ಬಿಯಲ್ಲಿ ಏನಿದೆಯೆಂದು ನಾವು ಒಂದು ದಿನವೂ ಕೇಳಲಿಲ್ಲ. ಒಮ್ಮೆ ತಾನಾಗಿಯೇ ಒಂದು ತುಂಡು ರೊಟ್ಟಿ ಮಗುವಿಗೆ ಕೊಡಬಂದಾಗ "ಬೇಡ, ಅದಕ್ಕೆ ಅಜೀರ್ಣವಾದೀತು" ಎಂದು ತಡೆದಿದ್ದೆವು. ಬೆಂಗಳೂರಿನಿಂದ ಅಜ್ಜಿ ಕಳುಹಿಸುತ್ತಿದ್ದ ರಾಗಿಹಿಟ್ಟಿನ ಅಂಬಲಿ ಕುಡಿದೇ ಬೆಳೆಯುತ್ತಿದ್ದ ಮಗು ಅದು! ಅದೇ ರೊಟ್ಟಿಯನ್ನು ಈಗ ಹಣ ತೆತ್ತು, ಹೊಗಳಿ ತಿಂದೆವು. ರೊಟ್ಟಿ ಬದಲಾಗಿರಲಿಲ್ಲ. ಹಾಗಾದರೆ ಅಂದು ನಾವು ದೂರವಿಟ್ಟದ್ದು ರೊಟ್ಟಿಯನ್ನೋ, ಅದನ್ನು ತಂದ ಕೈಯನ್ನೋ?

ಇಲ್ಲಿಂದ ಒಂದು ನೈತಿಕ ಪ್ರಶ್ನೆ ಹುಟ್ಟುತ್ತದೆ. ಹಣ ಕೊಟ್ಟು ಉಂಡವನಿಗೆ ಋಣವುಂಟೇ? ನೆಂಟರ ಮನೆಯ ಊಟಕ್ಕೆ ಋಣವಿರಬಹುದು, ಹೋಟೆಲಿನ ಲೆಕ್ಕ ಗಲ್ಲಾಪೆಟ್ಟಿಗೆಯಲ್ಲೇ ಮುಗಿಯುತ್ತದೆ ಎಂದು ವ್ಯವಹಾರ ಬಲ್ಲವರು ಹೇಳುತ್ತಾರೆ. ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆ ಹೋಟೆಲಿನ ಹೆಂಗಸರು ನಮ್ಮ ಪಶ್ಚಾತ್ತಾಪಕ್ಕಾಗಿ ಅಡುಗೆ ಮಾಡುತ್ತಿಲ್ಲ. ಗಿರಾಕಿ ಬರಬೇಕು, ವ್ಯಾಪಾರ ನಡೆಯಬೇಕು. ಕನಿಕರದ ದಾನಕ್ಕಿಂತ ನ್ಯಾಯದ ವ್ಯಾಪಾರ ಎಷ್ಟೋ ಮೇಲು.

ಒಬ್ಬರ ಅಡುಗೆಯನ್ನು ಇನ್ನೊಬ್ಬರು ಉಣ್ಣುವುದೇ ತಪ್ಪೆನ್ನುವವರೂ ಉಂಟು. ಅದನ್ನು ಒಪ್ಪುವುದಾದರೆ ನಮ್ಮ ಅಡುಗೆಮನೆಗೇ ಬೀಗ ಹಾಕಬೇಕಾದೀತು. ಸಾರಿನ ಮೆಣಸಿನಕಾಯಿ, ಟೊಮ್ಯಾಟೊ, ಮಸಾಲೆದೋಸೆಯೊಳಗಿನ ಆಲೂಗಡ್ಡೆ ಇವೆಲ್ಲ ಅಮೆರಿಕ ಖಂಡದ ಮೂಲನಿವಾಸಿಗಳು ಸಾವಿರಾರು ವರ್ಷ ಬೆಳೆಸಿ ಪಳಗಿಸಿದ ಬೆಳೆಗಳು. ಕಡಲು ದಾಟಿ ಯುರೋಪಿನವರ ಹಡಗುಗಳಲ್ಲಿ ನಮ್ಮಲ್ಲಿಗೆ ಬಂದವು. ಆ ಜನರ ನೆಲ ಹೋಯಿತು, ಹೆಸರೂ ಮರೆಯಿತು. ಅವರ ಬೆಳೆ ಮಾತ್ರ ಲೋಕದ ತಟ್ಟೆಯಲ್ಲಿ ಉಳಿಯಿತು. ಉಣ್ಣುವುದು ತಪ್ಪಲ್ಲ, ಮರೆತು ಉಣ್ಣುವುದರಲ್ಲಿ ತಪ್ಪಿದೆ.

ಈ ಮರೆವಿನ ನೋವು ಹೊರನಾಡಿನ ಕನ್ನಡಿಗರಾದ ನಮಗೆ ತಿಳಿಯದ್ದೇನಲ್ಲ. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಮುಂಬಯಿಗೆ ಹೋದ ಹುಡುಗರು ಹಗಲೆಲ್ಲ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಇಡ್ಲಿ ದೋಸೆಗಳನ್ನು ಆ ಮಹಾನಗರದ ತಿಂಡಿಯಾಗಿ ಮಾಡಿದರು. ಆದರೂ ದೆಹಲಿಯಲ್ಲಿ ಅದು 'ಮದ್ರಾಸಿ' ತಿಂಡಿ, ನಾವು 'ಮದ್ರಾಸಿ'ಗಳು. ನಮ್ಮ ದೋಸೆಯನ್ನು ಮೆಚ್ಚಿ ನಮ್ಮ ಮಾತನ್ನು ಅಣಕಿಸಿದಾಗ ಎಷ್ಟು ನೊಂದಿದ್ದೇವೆ! ಹಾಗೆ ನೊಂದ ನಾವೇ ರಾಂಚಿಯಲ್ಲಿ ಆಕೆಯನ್ನು 'ಜಂಗಲಿನ ಜನ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆವು. ಆಕೆ ಆಡುತ್ತಿದ್ದ ಕುಡುಖ್ ಭಾಷೆ ಕನ್ನಡದಂತೆಯೇ ದ್ರಾವಿಡ ಬಳಗದ್ದೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ನಾವು 'ನೀನು' ಎಂದರೆ ಆಕೆ 'ನೀನ್' ಎನ್ನುತ್ತಾಳೆ. ನಮ್ಮ 'ಕಣ್ಣು' ಆಕೆಗೆ 'ಖನ್'. ಸಾವಿರ ಮೈಲಿ ದೂರದಲ್ಲಿ ಕಳೆದುಹೋದ ನೆಂಟಳೊಬ್ಬಳು ನಮ್ಮ ಜಗಲಿಯಲ್ಲೇ ಕುಳಿತಿದ್ದಳು, ನಾವು ಗುರುತು ಹಿಡಿಯಲಿಲ್ಲ. ನೆಂಟಳಲ್ಲದಿದ್ದರೂ ಗುರುತು ಹಿಡಿಯಬೇಕಿತ್ತೆಂಬುದು ಬೇರೆ ಮಾತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 1958ರ ನಂತರ ರಾಂಚಿಯ ಹಟಿಯಾ ಸುತ್ತಿನಲ್ಲಿ ದೊಡ್ಡ ಕೈಗಾರಿಕಾ ನಗರ ಎದ್ದಿತು. ದೇಶಕ್ಕೆ ಯಂತ್ರಗಳು ಬೇಕಿದ್ದವು, ನಮ್ಮಂಥವರಿಗೆ ನೌಕರಿ ಬೇಕಿತ್ತು. ಆದರೆ ಆ ನೆಲದಲ್ಲಿ ಆದಿವಾಸಿಗಳ ಹಳ್ಳಿಗಳಿದ್ದವು, ಗದ್ದೆಗಳಿದ್ದವು. ನೀರಿನ ಟ್ಯಾಂಕಿನ ಕಡೆ ಕೈ ತೋರಿಸಿ "ಅಲ್ಲಿ ನಮ್ಮಪ್ಪನ ಹೊಲವಿತ್ತು" ಎಂದು ಆಕೆ ಒಮ್ಮೆ ಹೇಳಿದ್ದಳು. ದೂರಿನ ದನಿಯಿರಲಿಲ್ಲ. ಆ ಟ್ಯಾಂಕಿನ ನೀರನ್ನೇ ನಾವು ಕುಡಿಯುತ್ತಿದ್ದೆವು. ಆಗ ಋಣವೆಂಬ ಮಾತು ನಮಗೆ ಹೊಳೆಯಲೇ ಇಲ್ಲ.

2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. 2024ರಲ್ಲಿ ಒಡಿಶಾದ ಮಯೂರ್‌ಭಂಜ್ ಕಡೆಯ ಇರುವೆ ಚಟ್ನಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ರುಗ್ಡಾ ಬೇಕು, ಅದು ಹುಟ್ಟುವ ಸಾಲ ಕಾಡಿನ ಗೊಡವೆ ಬೇಡ. ಮಡುವಾ ಬೇಕು, ಅದನ್ನು ಬೆಳೆದವಳ ಊರಿನ ಹೆಸರು ಬೇಡ ಎಂದರೆ ಅದು ಮೆಚ್ಚುಗೆಯಾಗಲಾರದು. ಅಡುಗೆಯ ಜೊತೆಗೆ ಅಡುಗೆಯವರಿಗೂ ಸಮಾನವಾದ ಮಣೆ ಸಿಕ್ಕಾಗಲೇ ಋಣ ಸ್ವಲ್ಪ ಹಗುರಾದೀತು.

ಮರುದಿನ ಆಕೆಯನ್ನು ಹುಡುಕಿಕೊಂಡು ಹಳೆಯ ಬೀದಿಗೆ ಹೋದೆವು. ಮಗಳ ಮನೆಗೆ ಹೋದಳೆಂದು ಯಾರೋ ಹೇಳಿದರು. ಯಾವ ಊರೆಂದು ಅವರಿಗೂ ತಿಳಿಯದು, ನಮಗೂ ತಿಳಿಯದು. ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲವಲ್ಲ! ತೀರಿಸಬೇಕಾದ ಋಣಕ್ಕೆ ವಿಳಾಸವೇ ಇಲ್ಲದಂತಾಯಿತು.

ದೆಹಲಿಯಲ್ಲಿ ನಮ್ಮ ನಿಮ್ಮ ಮನೆಗಳಿಗೆ ಕೆಲಸಕ್ಕೆ ಬರುವವರಲ್ಲಿ ಝಾರ್ಖಂಡದ ಹೆಣ್ಣುಮಕ್ಕಳು ಅನೇಕರಿದ್ದಾರೆ. ಸಂಘದ ವಾರ್ಷಿಕೋತ್ಸವದ ಭೋಜನದ ದಿನ ರಾಶಿ ಪಾತ್ರೆ ಬೆಳಗಿ, ಕೊನೆಗೆ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಉಣ್ಣುವವರೂ ಅಂಥವರೇ. ಈ ಸಲ ಅವರಿಗೂ ನಮ್ಮ ಪಂಕ್ತಿಯಲ್ಲೇ ಎಲೆ ಹಾಕೋಣ. ನಿಮ್ಮ ಊರು ಯಾವುದು, ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ ಎಂದು ಕೇಳೋಣ. ಕೇಳಲು ನಮಗೆ ಹನ್ನೆರಡು ವರ್ಷ ಸಾಲಲಿಲ್ಲ, ನಿಮಗೆ ಹಾಗಾಗದಿರಲಿ.